ಎರಡು ಬೇನೆಗಳ ನಡುವೆ ಒಂದು ಹಾಡು

ಹೆರಿಗೆ ನೋವು ಒಂದೇ ಸಮನೆ ಕಾಡುವ ನೋವಲ್ಲ. ಬರುತ್ತದೆ, ಏರುತ್ತದೆ, ತುತ್ತತುದಿ ಮುಟ್ಟಿ ಇಳಿಯುತ್ತದೆ. ಆಮೇಲೆ ಕೊಂಚ ಬಿಡುವು. ನೋವು ಚುರುಕಾದ ಹೊತ್ತಿನಲ್ಲಿ ಗರ್ಭಕೋಶ ಹತ್ತು ನಿಮಿಷಕ್ಕೆ ಮೂರರಿಂದ ಐದು ಸಲ ಬಿಗಿಯುತ್ತದೆ. ಒಂದೊಂದು ಬಿಗಿತ ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಇರುತ್ತದೆ. ಲೆಕ್ಕ ಹಾಕಿದರೆ, ಆ ಕಠಿಣ ಗಂಟೆಗಳಲ್ಲೂ ಕಡಿಮೆಯೆಂದರೂ ಅರ್ಧದಷ್ಟು ಹೊತ್ತು ಗರ್ಭಕೋಶ ಸಡಿಲವಾಗಿಯೇ ಇರುತ್ತದೆ. ಆದರೆ ಹೆತ್ತವರನ್ನು ಕೇಳಿ ನೋಡಿ, ಆ ಬಿಡುವಿನಲ್ಲಿ ಹಾಯಾಗಿದ್ದೆ ಎನ್ನುವವರು ಅಪರೂಪ. ಮುಂದಿನ ನೋವು ಇನ್ನೇನು ಬಂತು ಎಂದು ಮೈ ಬಿಗಿಹಿಡಿದು ಕಾಯುವುದರಲ್ಲೇ ಅದು ಕಳೆದುಹೋಗುತ್ತದೆ. ಚೊಚ್ಚಲ ಹೆರಿಗೆಯಾದರಂತೂ ಇದು ಇನ್ನೂ ಎಷ್ಟು ಹೊತ್ತು ಎಂಬ ಅಂದಾಜೂ ಇರುವುದಿಲ್ಲ.

ಹೆರಿಗೆ ಕೊಠಡಿಯಲ್ಲಿ ಸಂಗೀತ ಏನು ಮಾಡಬಲ್ಲದು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣು ನೋವಿನ ತುದಿಯ ಮೇಲೇ ಹೋಗುತ್ತದೆ. ಅಷ್ಟು ದೊಡ್ಡ ನೋವನ್ನು ಒಂದು ಹಾಡು ತಣಿಸೀತೇ ಎಂದು ಕೇಳುತ್ತೇವೆ. ಮೊದಲು ನೋಡಬೇಕಾದದ್ದು ಆ ಬಿಡುವನ್ನು ಎಂದು ನನಗನ್ನಿಸುತ್ತದೆ. ಭಯ ಮನೆ ಮಾಡುವುದು ಅಲ್ಲಿ. ಹಾಡಿಗೆ ಕೆಲಸ ಇರುವುದೂ ಹೆಚ್ಚಾಗಿ ಅಲ್ಲೇ. ಈ ವಿಷಯದಲ್ಲಿ ನಡೆದ ಅಧ್ಯಯನಗಳನ್ನು ಓದಿದಷ್ಟೂ ನನ್ನ ಈ ಅನಿಸಿಕೆ ಗಟ್ಟಿಯಾಗಿದೆ.

ಭಯಕ್ಕೂ ಬೇನೆಗೂ ಇರುವ ನಂಟನ್ನು ಆಧುನಿಕ ವೈದ್ಯಕೀಯದ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ಇಂಗ್ಲೆಂಡಿನ ಪ್ರಸೂತಿ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಮುಖ್ಯರು. 1933ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಆಮೇಲಿನ ಬರಹಗಳಲ್ಲಿಯೂ ಅವರು ಒಂದು ಸುಳಿಯ ಮಾತು ಹೇಳಿದರು. ಹೆದರಿದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಇನ್ನಷ್ಟು ಹೆದರಿಕೆ. ಹೆದರದಿದ್ದರೆ ನೋವೇ ಇರದು ಎಂಬಷ್ಟು ದೂರ ಹೋದದ್ದು ಅವರ ಅತಿರೇಕ. ಆದರೆ ಸುಳಿ ಇರುವುದು ನಿಜ. ಹೆದರಿದಾಗ ರಕ್ತಕ್ಕೆ ಸೇರುವ ಅಡ್ರಿನಾಲಿನ್ ಗರ್ಭಕೋಶದ ಸ್ನಾಯುವನ್ನು ಸಡಿಲಿಸುತ್ತದೆ. ದಿನ ತುಂಬುವ ಮೊದಲೇ ಶುರುವಾದ ನೋವನ್ನು ನಿಲ್ಲಿಸಲು ವೈದ್ಯರು ಬಳಸುತ್ತ ಬಂದ ಕೆಲವು ಔಷಧಗಳು ಹಿಡಿಯುವುದೂ ಇದೇ ಅಡ್ರಿನಾಲಿನ್ ಹಾದಿಯನ್ನು. ಅಂದಮೇಲೆ ದಿನ ತುಂಬಿದವಳು ತೀರಾ ಹೆದರಿ ಕೂತರೆ ಅವಳ ದೇಹವೇ ಹೆರಿಗೆಯನ್ನು ಹಿಂದಕ್ಕೆಳೆಯತೊಡಗುತ್ತದೆ. 1978ರಲ್ಲಿ ಅಮೆರಿಕದ ರೆಜಿನಾ ಲೆಡರ್‌ಮನ್ ಮತ್ತು ಸಂಗಡಿಗರು ಚೊಚ್ಚಲ ಬಸುರಿಯರ ರಕ್ತ ಪರೀಕ್ಷಿಸಿ, ಆತಂಕ ಹೆಚ್ಚಿದ್ದವರಲ್ಲಿ ಅಡ್ರಿನಾಲಿನ್ ಹೆಚ್ಚಿರುವುದನ್ನೂ ಅದು ಹೆಚ್ಚಿದ್ದಾಗ ಗರ್ಭಕೋಶದ ಬಿಗಿತ ಕುಗ್ಗಿ ಹೆರಿಗೆ ಉದ್ದವಾಗುವುದನ್ನೂ ತೋರಿಸಿದರು. "ಹೆದರಬೇಡ ಮಗಾ, ಧೈರ್ಯವಾಗಿರು" ಎಂದು ಮನೆಯ ಹಿರಿಯರು ಹೇಳುವ ಮಾತಿಗೆ ಶರೀರದೊಳಗೇ ಇಂಥ ಕಾರಣವಿದೆ.

ನೋವಿನ ಮಟ್ಟಿಗೆ ದೊಡ್ಡ ತಿರುವು 1965ರಲ್ಲಿ ಬಂತು. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಕೂಡಿ, ನೋವಿನ ಸುದ್ದಿ ದೇಹದಿಂದ ಮಿದುಳಿಗೆ ನೇರವಾಗಿ ಓಡುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದೆ ಎಂದರು. ಆ ಬಾಗಿಲನ್ನು ಎಷ್ಟು ತೆರೆಯಬೇಕು ಎಂಬುದರಲ್ಲಿ ಚರ್ಮದ ಸ್ಪರ್ಶಕ್ಕೂ ಪಾಲಿದೆ. ಮೇಲಿನಿಂದ ಮಿದುಳು ಕಳಿಸುವ ಗಮನ, ನೆನಪು, ಭಯ, ಭರವಸೆಗಳಿಗೂ ಪಾಲಿದೆ. ಸೊಂಟ ನೀವಿದರೆ ಏಕೆ ಹಿತ, ಪಕ್ಕದಲ್ಲಿ ತಾಯಿ ಕೂತಿದ್ದರೆ ನೋವು ಏಕೆ ಕೊಂಚ ತಡೆಯುವಂತಾಗುತ್ತದೆ ಎಂಬುದಕ್ಕೆ ಮೊದಲ ಸಲ ನರಗಳ ಮಟ್ಟದ ವಿವರಣೆ ಸಿಕ್ಕಿತು. ಆ ಸಿದ್ಧಾಂತದ ಕೆಲವು ವಿವರಗಳನ್ನು ಮುಂದಿನವರು ತಿದ್ದಿದ್ದಾರೆ, ಆದರೆ ಮಿದುಳು ನೋವಿನ ಮೇಲೆ ಹತೋಟಿ ಇಟ್ಟುಕೊಂಡಿದೆ ಎಂಬ ಮೂಲ ಮಾತು ಉಳಿದಿದೆ. ಸಂಗೀತ ಆ ಮಿದುಳನ್ನು ಮುಟ್ಟುತ್ತದೆ ಎಂಬುದಕ್ಕೂ ಸಾಕ್ಷಿ ಇದೆ: 2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಮೈನವಿರೇಳಿಸುವ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ಹಿತದ ರಾಸಾಯನಿಕ ಬಿಡುಗಡೆಯಾಗುವುದನ್ನು ಚಿತ್ರ ಸಮೇತ ತೋರಿಸಿದರು.

ಬಾಗಿಲಿನ ಸಿದ್ಧಾಂತ ಬರುವ ಮೊದಲೇ ಒಬ್ಬ ದಂತವೈದ್ಯರು ಬೇರೊಂದು ದಾರಿಯಿಂದ ಇಲ್ಲಿಗೆ ಬಂದಿದ್ದರು. ಅಮೆರಿಕದ ವ್ಯಾಲೇಸ್ ಗಾರ್ಡನರ್ ಹಲ್ಲು ಕೊರೆಯುವಾಗ ರೋಗಿಯ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಪುಟ್ಟ ಪೆಟ್ಟಿಗೆ ಕೊಡುತ್ತಿದ್ದರು. ಸುಮ್ಮನಿರುವಾಗ ಸಂಗೀತ ಕೇಳಿಸುತ್ತಿತ್ತು. ನೋವು ಶುರುವಾಗುತ್ತದೆ ಎನ್ನಿಸಿದ ಕೂಡಲೇ ರೋಗಿಯೇ ಗುಂಡಿ ತಿರುಗಿಸಿ ಜಲಪಾತದಂಥ ಭೋರ್ಗರೆತವನ್ನು ಏರಿಸಿಕೊಳ್ಳಬಹುದಿತ್ತು. ಬಹುಪಾಲು ರೋಗಿಗಳಿಗೆ ಇದರಿಂದ ನೋವು ತಗ್ಗಿತು ಎಂದು ಅವರು 1960ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅದೇ ದಶಕದಲ್ಲಿ ಈ ಉಪಾಯವನ್ನು ಹೆರಿಗೆ ಕೊಠಡಿಗೂ ಒಯ್ದು ನೋಡಿದರು. ಬರೀ ಸದ್ದು ನೋವನ್ನು ಅಳಿಸುತ್ತದೆ ಎಂಬ ಉತ್ಸಾಹ ಬಹಳ ಕಾಲ ಉಳಿಯಲಿಲ್ಲ. ಆದರೆ ಆ ಪೆಟ್ಟಿಗೆಯನ್ನು ನಾನು ಮರೆಯಲಾರೆ. ಗುಂಡಿ ಇದ್ದದ್ದು ವೈದ್ಯರ ಕೈಯಲ್ಲಿ ಅಲ್ಲ, ನೋಯುವವರ ಕೈಯಲ್ಲಿ. ಈ ಕಥೆಯಲ್ಲಿ ಮುಂದೆ ಬರುವುದೆಲ್ಲ ಅದರ ಸುತ್ತಲೇ ಇದೆ.

ಹೆರಿಗೆಯ ಹಾಡಿಗೆ ಇದಕ್ಕಿಂತ ಬಹಳ ಹಳೆಯ ಬೇರುಗಳಿವೆ. ಅಥರ್ವವೇದದ ಮೊದಲ ಕಾಂಡದ ಹನ್ನೊಂದನೆಯ ಸೂಕ್ತ ಸುಖಪ್ರಸವಕ್ಕೆಂದೇ ಇರುವುದು. ಆದರೆ ನನ್ನನ್ನು ಬಹುವಾಗಿ ಯೋಚನೆಗೆ ಹಚ್ಚಿದ್ದು ಪನಾಮಾದ ಕೆರಿಬಿಯನ್ ಕರಾವಳಿಯ ದ್ವೀಪಗಳಲ್ಲಿ ಬದುಕುವ ಗುನಾ ಜನರ ಒಂದು ಹಾಡು. ಸ್ವೀಡನ್ನಿನ ನಿಲ್ಸ್ ಹೋಲ್ಮರ್ ಮತ್ತು ಹೆನ್ರಿ ವಾಸೆನ್ ಅದನ್ನು 1947ರಲ್ಲಿ ಪ್ರಕಟಿಸಿದರು. ಐನೂರಕ್ಕೂ ಹೆಚ್ಚು ಸಾಲುಗಳ ಹಾಡದು. ಎಲ್ಲ ಹೆರಿಗೆಗೂ ಅದನ್ನು ಹಾಡುವುದಿಲ್ಲ. ಕೂಸು ಬಾರದೆ ತಾಯಿ ಸೋತಾಗ, ಸೂಲಗಿತ್ತಿಗೆ ದಿಕ್ಕು ತೋಚದಾದಾಗ, ಆಕೆ ಹೋಗಿ ಮಂತ್ರಗಾರನನ್ನು ಕರೆತರುತ್ತಾಳೆ. ಅವನು ಬಸುರಿಯ ಮೈ ಮುಟ್ಟುವುದಿಲ್ಲ, ಮದ್ದು ಕೊಡುವುದಿಲ್ಲ. ಹಾಡುತ್ತಾನೆ.

ಹಾಡು ಶುರುವಾಗುವ ಬಗೆಯೇ ವಿಶೇಷ. ಸೂಲಗಿತ್ತಿ ಗಾಬರಿಗೊಂಡದ್ದು, ಅವಳು ಹೊರಟದ್ದು, ಮಂತ್ರಗಾರನ ಗುಡಿಸಲಿಗೆ ಬಂದದ್ದು, ಅವನು ಕೇಳಿದ್ದು, ಅವಳು ಹೇಳಿದ್ದು, ಇಬ್ಬರೂ ನಡೆದು ಬಂದದ್ದು — ಈಗಷ್ಟೇ ನಡೆದ ಸಂಗತಿಗಳೆಲ್ಲ ಒಂದೊಂದು ಹೆಜ್ಜೆಯೂ ಬಿಡದಂತೆ, ನಿಧಾನವಾಗಿ, ಮತ್ತೆ ಮತ್ತೆ ಹಾಡಿನಲ್ಲಿ ಬರುತ್ತವೆ. ಆಮೇಲೆ ಮಂತ್ರಗಾರನ ಸಹಾಯಕ ಶಕ್ತಿಗಳು ಪಯಣ ಹೊರಡುತ್ತವೆ. ಭ್ರೂಣವನ್ನು ರೂಪಿಸುವ ಮೂ ಎಂಬ ಶಕ್ತಿ ತಾಯಿಯ ಆತ್ಮವನ್ನು ಅಡಗಿಸಿಟ್ಟಿದ್ದಾಳೆ. ಅಲ್ಲಿಗೆ ಹೋಗುವ ದಾರಿ ಬಸುರಿಯ ಒಡಲೊಳಗಿನ ದಾರಿಯೇ. ಅಡ್ಡ ಬಂದವುಗಳನ್ನೆಲ್ಲ ಗೆದ್ದು, ಆತ್ಮವನ್ನು ಬಿಡಿಸಿಕೊಂಡು, ಬಂದ ದಾರಿಯಲ್ಲೇ ಹೊರಕ್ಕೆ ಬರುತ್ತವೆ.

1949ರಲ್ಲಿ ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿ-ಸ್ಟ್ರಾಸ್ ಈ ಹಾಡಿನ ಮೇಲೆ ಬರೆದ ಪ್ರಬಂಧ ಬಲು ಪ್ರಸಿದ್ಧವಾಯಿತು. ಅರ್ಥವಿಲ್ಲದೆ ಮೈಯನ್ನು ಹಿಂಡುತ್ತಿದ್ದ ನೋವಿಗೆ ಹಾಡು ಒಂದು ಕಥೆಯ ರೂಪ ಕೊಡುತ್ತದೆ, ಕಥೆಯಾದದ್ದನ್ನು ಮನಸ್ಸು ಒಪ್ಪಿಕೊಳ್ಳುತ್ತದೆ, ಆಗ ದೇಹವೂ ದಾರಿ ಬಿಡುತ್ತದೆ ಎಂಬುದು ಅವರ ವಾದ. ಆದರೆ ಗುನಾ ಜನರ ನಡುವೆ ಇದ್ದು ಬಂದ ವಿದ್ವಾಂಸರು ಆಮೇಲೆ ಒಂದು ತೊಡಕು ಎತ್ತಿ ತೋರಿಸಿದರು. ಈ ಹಾಡು ಇರುವುದು ದಿನಬಳಕೆಯ ಗುನಾ ಮಾತಿನಲ್ಲಿ ಅಲ್ಲ, ಮಂತ್ರಗಾರರು ವರ್ಷಗಟ್ಟಲೆ ಕಲಿಯುವ ವಿಶೇಷ ಭಾಷೆಯಲ್ಲಿ. ಬೇನೆ ತಿನ್ನುತ್ತಿರುವ ಹೆಂಗಸಿಗೆ ಅದರ ಬಹುಭಾಗ ಅರ್ಥವಾಗುವ ಸಂಭವ ಕಡಿಮೆ.

ಹಾಗಾದರೆ ಅವಳಿಗೆ ಏನು ತಲುಪುತ್ತಿತ್ತು? ಸಾಲಿನಿಂದ ಸಾಲಿಗೆ ಮರುಕಳಿಸುವ ಲಯ. ಇದು ತನಗಾಗಿಯೇ ಹಾಡುತ್ತಿರುವ ಹಾಡು ಎಂಬ ತಿಳಿವು. ನೋವು ಬಂದು ಹೋಗುತ್ತಿದ್ದರೂ ಒಂದೇ ಗತಿಯಲ್ಲಿ ಮುಂದುವರಿಯುವ ಒಂದು ದನಿ. ಕೈಬಿಟ್ಟು ಹೋಗದೆ ಅಲ್ಲೇ ಕೂತಿರುವ ಒಬ್ಬ ಮನುಷ್ಯ. ಹಾಡಿನ ಪದಗಳಿಗಿಂತ ಇವೇ ಹೆಚ್ಚು ಕೆಲಸ ಮಾಡಿರಬೇಕು ಎಂದು ನಾನು ತಿಳಿಯುತ್ತೇನೆ. ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳೂ ತಮ್ಮದೇ ರೀತಿಯಲ್ಲಿ ಅತ್ತಲೇ ಕೈ ತೋರಿಸುತ್ತವೆ.

ಆ ಅಧ್ಯಯನಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಎರಡಕ್ಕೆ. ಮೊದಲನೆಯದು ಥಾಯ್ಲೆಂಡಿನದು, 2003ರಲ್ಲಿ ಪ್ರಕಟವಾದದ್ದು. ಮೊದಲ ಹೆರಿಗೆಗೆ ಬಂದ 110 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೋವು ಚುರುಕಾಗತೊಡಗಿದಾಗಿನಿಂದ ಮೂರು ಗಂಟೆ ಕಾಲ ಸಾಹಿತ್ಯವಿಲ್ಲದ ಮೆಲುವಾದ ಸಂಗೀತ. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಅವರು ನೋವನ್ನು ಎರಡಾಗಿ ಅಳೆದದ್ದು ಈ ಅಧ್ಯಯನದ ಜಾಣತನ. ಮೈಗೆ ಎಷ್ಟು ನೋಯುತ್ತಿದೆ ಎಂಬುದು ಒಂದು, ಅದರಿಂದ ಎಷ್ಟು ಸಂಕಟವಾಗುತ್ತಿದೆ ಎಂಬುದು ಇನ್ನೊಂದು. ಹಾಡು ಕೇಳಿದವರಲ್ಲಿ ಎರಡೂ ಕಡಿಮೆಯಿದ್ದವು. ಸಂಕಟ ಏರುವುದಂತೂ ಒಂದು ಗಂಟೆ ತಡವಾಯಿತು. ಹಾಗೆಂದು ನೋವು ನಿಲ್ಲಲಿಲ್ಲ. ಗಂಟೆ ಕಳೆದಂತೆ ಎರಡೂ ಗುಂಪಿನಲ್ಲಿ ಏರುತ್ತಲೇ ಹೋಯಿತು. ಒಂದು ಗಂಟೆ ಅಂದರೆ ಏನು ಮಹಾ ಎಂದು ಹೊರಗೆ ಕೂತವರಿಗೆ ಅನ್ನಿಸಬಹುದು. ಮಂಚದ ಮೇಲೆ ಮಲಗಿದವಳಿಗೆ ಅದು ಬಹಳ ದೊಡ್ಡದು.

ಎರಡನೆಯದು ತೈವಾನಿನದು, 2010ರದ್ದು, 60 ಮಂದಿಯದು. ಗರ್ಭಕೋಶದ ಬಾಯಿ ಎರಡರಿಂದ ನಾಲ್ಕು ಸೆಂಟಿಮೀಟರ್ ತೆರೆದಿದ್ದ ಆರಂಭದ ಹಂತದಲ್ಲಿ ಸಂಗೀತ ಕೇಳಿದವರಿಗೆ ನೋವೂ ಆತಂಕವೂ ಕಡಿಮೆಯಿತ್ತು. ಐದರಿಂದ ಏಳು ಸೆಂಟಿಮೀಟರ್‌ಗೆ ಬಂದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ.

ಮೇಲ್ನೋಟಕ್ಕೆ ಒಂದು ಹೌದೆನ್ನುತ್ತದೆ, ಇನ್ನೊಂದು ಅರ್ಧ ಇಲ್ಲವೆನ್ನುತ್ತದೆ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಅಷ್ಟೇನೂ ವಿರೋಧವಿಲ್ಲ. ಬಿಡುವು ಉದ್ದವಿರುವಾಗ, ಗಮನಕ್ಕೆ ಇನ್ನೂ ಅತ್ತಿತ್ತ ಓಡಾಡಲು ಜಾಗವಿರುವಾಗ ಹಾಡಿಗೆ ಕೈ ತುಂಬ ಕೆಲಸ. ನೋವುಗಳು ಒಂದರ ಬೆನ್ನಿಗೆ ಒಂದು ಬಂದಂತೆ ಆ ಜಾಗ ಕಿರಿದಾಗುತ್ತದೆ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2018ರ ವಿಮರ್ಶೆಯಲ್ಲಿ, ಹೆರಿಗೆಯಲ್ಲಿ ಸಂಗೀತದ ಪರವಾಗಿರುವ ಪುರಾವೆಯ ಗಟ್ಟಿತನ ಕಡಿಮೆ ಎಂದೇ ಹೇಳಿತು. ಹೆಚ್ಚಿನವು ಸಣ್ಣ ಅಧ್ಯಯನಗಳು. ಕಿವಿಯಲ್ಲಿ ಹಾಡಿದೆಯೋ ಇಲ್ಲವೋ ಎಂಬುದನ್ನು ಕೇಳುವವರಿಂದ ಮುಚ್ಚಿಡಲು ಬರುವುದಿಲ್ಲವಾದ್ದರಿಂದ ಮಾತ್ರೆ ಪರೀಕ್ಷಿಸಿದಷ್ಟು ಕಟ್ಟುನಿಟ್ಟಾಗಿ ಇದನ್ನು ಪರೀಕ್ಷಿಸುವುದೂ ಕಷ್ಟ. ಅದೇ ಸಂಸ್ಥೆಯ 2006ರ ವಿಮರ್ಶೆಯೊಂದು ಹೆರಿಗೆಯಷ್ಟೇ ಅಲ್ಲದೆ ಎಲ್ಲ ಬಗೆಯ ನೋವಿನ ಮೇಲಿನ 51 ಅಧ್ಯಯನಗಳನ್ನು ಸೇರಿಸಿ ನೋಡಿತ್ತು. ಹತ್ತು ಅಂಕದ ಅಳತೆಗೋಲಿನಲ್ಲಿ ಸಂಗೀತದಿಂದ ನೋವು ಇಳಿಯುವುದು ಅರ್ಧ ಅಂಕದಷ್ಟು ಎಂಬ ಉತ್ತರ ಬಂತು. ಅರ್ಧ ಅಂಕ ಸಣ್ಣದೇ. ಸಂಗೀತ ಕೇಳಿಸಿ ನೋವಿಲ್ಲದ ಹೆರಿಗೆ ಮಾಡಿಸುತ್ತೇವೆ ಎನ್ನುವ ಜಾಹೀರಾತು ಕಂಡರೆ ಈ ಸಂಖ್ಯೆಯನ್ನು ನೆನಪಿಸಿಕೊಳ್ಳಬೇಕು.

ಆದರೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಮಾರ್ಗಸೂಚಿಯಲ್ಲಿ, ನೋವು ತಗ್ಗಿಸಿ ಎಂದು ಕೇಳುವ ಆರೋಗ್ಯವಂತ ಬಸುರಿಯರಿಗೆ ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಸುವ ಅಭ್ಯಾಸಗಳ ಜೊತೆ ಸಂಗೀತವನ್ನೂ ಶಿಫಾರಸು ಮಾಡಿದೆ. ಪುರಾವೆ ದುರ್ಬಲ ಎಂದು ಗೊತ್ತಿದ್ದೇ ಮಾಡಿದ ಶಿಫಾರಸಿದು. ಇದರಿಂದ ತಾಯಿಗಾಗಲಿ ಮಗುವಿಗಾಗಲಿ ಕೇಡಿಲ್ಲ, ಖರ್ಚಿಲ್ಲ, ಹೆಂಗಸರು ಇದನ್ನು ಇಷ್ಟಪಡುತ್ತಾರೆ. ಇಷ್ಟಿದ್ದರೆ ಸಾಕು ಎಂದು ನನಗೂ ಅನ್ನಿಸುತ್ತದೆ.

ಯಾವ ಹಾಡು? ಇಲ್ಲಿಗೆ ಬಂದಾಗ ನಮ್ಮಲ್ಲಿ ರಾಗಗಳ ಪಟ್ಟಿ ಹೊರಬರುತ್ತದೆ. ಇಂಥ ರಾಗ ಕೇಳಿದರೆ ರಕ್ತದೊತ್ತಡಕ್ಕೆ ಒಳ್ಳೆಯದು, ಇಂಥದ್ದು ಸುಖಪ್ರಸವಕ್ಕೆ ಎಂದು ಖಚಿತವಾಗಿ ಹೇಳುವವರಿದ್ದಾರೆ. ಒಂದೊಂದು ರಾಗಕ್ಕೆ ಒಂದೊಂದು ಕಾಯಿಲೆಯನ್ನು ಜೋಡಿಸುವ ಈ ಪಟ್ಟಿಗಳನ್ನು ನಂಬಲು ಆಧಾರ ಸಾಲದು. ಸಂಶೋಧಕರು ಹೆಚ್ಚಾಗಿ ಆರಿಸಿಕೊಂಡದ್ದು ನಿಮಿಷಕ್ಕೆ 60ರಿಂದ 80 ತಾಳದ, ಅಬ್ಬರದ ಏರಿಳಿತವಿಲ್ಲದ ಸಂಗೀತವನ್ನು. ವಿಶ್ರಾಂತಿಯಲ್ಲಿರುವ ಎದೆಬಡಿತದ ವೇಗವೂ ಸುಮಾರು ಅಷ್ಟೇ. ಶುರುವಿಗೆ ಅದು ಒಳ್ಳೆಯ ಅಳತೆ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿ 2006ರಲ್ಲಿ ಗ್ಲಾಸ್ಗೋದ ಲಾರಾ ಮಿಚೆಲ್ ಮತ್ತು ರೇಮಂಡ್ ಮ್ಯಾಕ್‌ಡೊನಾಲ್ಡ್ ಅವರ ಪ್ರಯೋಗದಲ್ಲಿ ಹೊರಬಿತ್ತು. ಕೊರೆಯುವಷ್ಟು ತಣ್ಣಗಿನ ನೀರಿನಲ್ಲಿ ಕೈ ಅದ್ದಿ ಎಷ್ಟು ಹೊತ್ತು ತಡೆಯುತ್ತಾರೆ ಎಂದು ನೋಡಿದರು. ಮನಸ್ಸಿಗೆ ವಿಶ್ರಾಂತಿ ಕೊಡುತ್ತದೆಂದು ಬೇರೆಯವರು ಆರಿಸಿಕೊಟ್ಟ ಸಂಗೀತಕ್ಕಿಂತ, ತಾವೇ ಇಷ್ಟಪಟ್ಟು ತಂದ ಸಂಗೀತ ಕೇಳುವಾಗ ನೋವು ಹೆಚ್ಚು ತಮ್ಮ ಹತೋಟಿಯಲ್ಲಿದೆ ಎಂದು ಜನರಿಗೆ ಅನ್ನಿಸಿತು. ಗಾರ್ಡನರ್ ಅವರ ಪೆಟ್ಟಿಗೆ ಇಲ್ಲಿ ಮತ್ತೆ ಕಾಣುತ್ತದೆ. ಒಬ್ಬಳಿಗೆ ಪುರಂದರದಾಸರ ಪದ ಬೇಕಾಗಬಹುದು, ಇನ್ನೊಬ್ಬಳಿಗೆ ರಾಜ್‌ಕುಮಾರ್ ಹಾಡು, ಮತ್ತೊಬ್ಬಳಿಗೆ ಕವ್ವಾಲಿ, ಇಗರ್ಜಿಯಲ್ಲಿ ಕಲಿತ ಭಕ್ತಿಗೀತೆ, ಕಾಲೇಜಿನ ದಿನಗಳ ಸಿನಿಮಾ ಹಾಡು. ಅತ್ತೆ ಆರಿಸಿದ ಸ್ತೋತ್ರ, ಗಂಡ ಡೌನ್‌ಲೋಡ್ ಮಾಡಿ ತಂದ ವೀಣಾವಾದನ ಅವಳದ್ದಾಗುವುದು ಅವಳು ಹೂಂ ಎಂದರೆ ಮಾತ್ರ. ಹೆರಿಗೆ ಕೊಠಡಿಯಲ್ಲಿ ಹೆಣ್ಣಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಉಡುವ ಬಟ್ಟೆ, ಮಲಗುವ ಭಂಗಿ, ಯಾರು ಬಂದು ಪರೀಕ್ಷಿಸಬೇಕು ಎಂಬುದು ಎಲ್ಲವೂ ಬೇರೆಯವರ ತೀರ್ಮಾನ. ಅಲ್ಲಿ ಒಂದು ಹಾಡನ್ನಾದರೂ ಅವಳು ಆರಿಸಲಿ ಎಂಬುದು ಸಣ್ಣ ಮಾತಲ್ಲ.

ನಮ್ಮ ನಾಡಿನ ಹೆಂಗಸರಿಗೆ ಹಾಡನ್ನು ದುಡಿಮೆಯ ಜೊತೆಗೆ ಕಟ್ಟಿಕೊಳ್ಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಬಸುರಿಯ ಬಯಕೆಗೆ ಹಾಡಿತ್ತು, ಸೀಮಂತಕ್ಕೆ ಸೋಬಾನೆ ಇತ್ತು, ತೊಟ್ಟಿಲಿಗೆ ಜೋಗುಳವಿತ್ತು. ಬೀಸುವ ಕಲ್ಲಿನ ಮುಂದೆ ನಸುಕಿನಲ್ಲಿ ಕೂತವರು ತ್ರಿಪದಿಗಳನ್ನು ಕಟ್ಟಿ ಹಾಡಿದರು. ಹಲಸಂಗಿಯ ಗೆಳೆಯರು ಅವನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಬೀಸುವ ಪದದಿಂದ ಕಲ್ಲಿನ ಭಾರ ಇಳಿಯುತ್ತಿರಲಿಲ್ಲ. ಅದು ಉಸಿರಿಗೆ ಅಳತೆ ಕೊಡುತ್ತಿತ್ತು, ಇನ್ನೊಂದು ಸುತ್ತು ತಿರುಗಿಸುವ ಕಸುವು ಕೊಡುತ್ತಿತ್ತು. ಬೇನೆಯ ಹೊತ್ತಿನಲ್ಲಿ ಹಾಡು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬಿಗಿತ ಏರುವಾಗ ನೀಳವಾಗಿ ಉಸಿರು ಬಿಡು ಎಂದು ಬಾಯಲ್ಲಿ ಹೇಳಿದರೆ ಆ ಗಳಿಗೆಯಲ್ಲಿ ಮರೆತುಹೋಗುತ್ತದೆ. ಪರಿಚಿತ ಹಾಡಿನ ಒಂದು ಸಾಲಿನ ಉದ್ದಕ್ಕೆ ಉಸಿರನ್ನು ಹೊಂದಿಸಿ ಅಭ್ಯಾಸ ಮಾಡಿದ್ದರೆ ಮೈ ತಾನಾಗಿ ನೆನಪಿಟ್ಟುಕೊಳ್ಳುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಈ ಮಾತಿನಲ್ಲಿ ನೆನೆಯದಿರಲಾಗದು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಯಾರಿಂದಲೂ ದುಡ್ಡು ಕೇಳದ ತಾಯಿ ಆಕೆ. 2018ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಆಕೆಯ ತಲೆಮಾರಿನ ಸೂಲಗಿತ್ತಿಯರು ಗಂಟೆಗಟ್ಟಲೆ ಪಕ್ಕದಲ್ಲಿ ಕೂರುತ್ತಿದ್ದರು, ಮಾತಾಡುತ್ತಿದ್ದರು, ಬೆನ್ನು ನೀವುತ್ತಿದ್ದರು. ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಕಸ ಬೀಳದೆ, ರಕ್ತ ನಿಲ್ಲದೆ, ನಂಜೇರಿ ಎಷ್ಟು ತಾಯಂದಿರು ಮನೆಯಲ್ಲೇ ಕಣ್ಣು ಮುಚ್ಚಿದರು ಎಂಬುದು ಹಳೆಯ ಕುಟುಂಬಗಳಿಗೆಲ್ಲ ಗೊತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಅದು ದೊಡ್ಡ ಗೆಲುವು. ಆದರೆ ಆ ಗೆಲುವಿನ ಅವಸರದಲ್ಲಿ ಪಕ್ಕದಲ್ಲಿ ಕೂರುವ ಮನುಷ್ಯರನ್ನೂ ಅವರ ದನಿಯನ್ನೂ ಲೇಬರ್ ರೂಮಿನ ಹೊರಗೇ ನಿಲ್ಲಿಸಿಬಿಟ್ಟೆವು.

ಒಳಗೆ ಇರುವ ಸದ್ದು ಬೇರೆ. ಸ್ಟೀಲ್ ಟ್ರೇಗಳ ಸದ್ದು, ಮಾನಿಟರಿನ ಬೀಪ್, ಪರದೆಯ ಆಚೆ ಇನ್ನೊಬ್ಬಳ ಕೂಗು. ಚೊಚ್ಚಲಿನವಳಿಗೆ ಆ ಕೂಗು ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ತನಗೂ ಹೀಗೇ ಆಗುತ್ತದೆ ಎಂದು ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಮೇಲಿಂದ ಬೈಗುಳ. "ಏನಮ್ಮಾ, ನೀನೊಬ್ಬಳೇ ಹೆರ್ತಾ ಇರೋದಾ? ಬಾಯಿ ಮುಚ್ಚು" ಎಂಬ ಮಾತನ್ನು ಕೇಳಿಸಿಕೊಂಡು ಬಂದ ಬಾಣಂತಿಯರು ನಮ್ಮಲ್ಲಿ ಒಬ್ಬಿಬ್ಬರಲ್ಲ. ರಾತ್ರಿ ಪಾಳಿಯಲ್ಲಿ ಹತ್ತಾರು ಮಂದಿಯನ್ನು ಇಬ್ಬರು ಸಿಸ್ಟರ್‌ಗಳು ನೋಡಿಕೊಳ್ಳಬೇಕಾದ ಕಡೆ ಸಹನೆ ಎಲ್ಲಿಂದ ಬರಬೇಕು ಎಂಬುದೂ ನ್ಯಾಯವಾದ ಪ್ರಶ್ನೆಯೇ. ಆದರೆ ಆ ಬೈಗುಳಕ್ಕೆ ಏರುವ ಅಡ್ರಿನಾಲಿನ್‌ಗೆ ಯಾವ ಹಾಡೂ ಮದ್ದಲ್ಲ. ಬೈಗುಳ ನಿಲ್ಲದ ಕೊಠಡಿಯಲ್ಲಿ ಸ್ಪೀಕರ್ ತೂಗುಹಾಕಿ ಸಂಗೀತ ಚಿಕಿತ್ಸೆ ಕೊಡುತ್ತಿದ್ದೇವೆ ಎಂದರೆ ಅದನ್ನು ನಾನು ಒಪ್ಪುವುದಿಲ್ಲ.

ಹಾಗಾಗಿ ಹಾಡಿಗಿಂತ ಮೊದಲು ಒಳಗೆ ಬರಬೇಕಾದವರು ಜೊತೆಗಾರರು. ಅವರ ಪರವಾಗಿರುವ ಪುರಾವೆ ಸಂಗೀತದ ಪುರಾವೆಗಿಂತ ಬಹಳ ಗಟ್ಟಿ. ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 17 ದೇಶಗಳ 15,800ಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿತ್ತು. ಹೆರಿಗೆಯುದ್ದಕ್ಕೂ ಬಿಡದೆ ಜೊತೆಗೊಬ್ಬರು ಇದ್ದವರಿಗೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚಿತು, ಸಿಸೇರಿಯನ್ ಕಡಿಮೆಯಾಯಿತು, ನೋವಿನ ಮದ್ದು ಬೇಡುವುದು ಕಡಿಮೆಯಾಯಿತು, ಹೆರಿಗೆಯ ಅವಧಿಯೂ ಕೊಂಚ ಇಳಿಯಿತು. ಭಾರತ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಗೆ ಜೊತೆಗಾತಿಯನ್ನು ಬಿಡಬಹುದು ಎಂದಿತು. 2017ರ ಡಿಸೆಂಬರಿನಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮ ಗೌರವದ ಆರೈಕೆಯನ್ನು ಹೆರಿಗೆ ಕೊಠಡಿಯ ಗುಣಮಟ್ಟದ ಭಾಗವಾಗಿ ಎಣಿಸಿತು. ಜೊತೆಗೆ ಬಂದ ಅಕ್ಕನೋ ಚಿಕ್ಕಮ್ಮನೋ ಮೊಬೈಲಿನಲ್ಲಿ ಹಾಡು ಹಾಕಬಲ್ಲಳು, ಅವಳೇ ಗುನುಗಿದರೆ ಇನ್ನೂ ಒಳ್ಳೆಯದು.

ಇದನ್ನು ಮಾಡಬೇಕೆನ್ನುವವರಿಗೆ ತಿಳಿದಿರಬೇಕಾದ ಕೆಲವು ಮಾತುಗಳಿವೆ. ಅಭ್ಯಾಸ ಏಳು-ಎಂಟನೇ ತಿಂಗಳಲ್ಲೇ ಶುರುವಾಗಬೇಕು. ದಿನಕ್ಕೊಮ್ಮೆ ಅದೇ ಹಾಡುಗಳನ್ನು ಕೇಳುತ್ತ ಮೈ ಸಡಿಲ ಬಿಟ್ಟು ಉಸಿರಾಡಿದರೆ, ಬೇನೆಯ ದಿನ ಆ ಹಾಡು ಬರುತ್ತಲೇ ಮೈಗೆ ಸಡಿಲವಾಗುವ ದಾರಿ ನೆನಪಾಗುತ್ತದೆ. ಸುಮ್ಮನೆ ಹಾಡು ಕೇಳುವುದಕ್ಕೂ ತರಬೇತಾದ ಸಂಗೀತ ಚಿಕಿತ್ಸಕರ ನೆರವಿಗೂ ಇರುವ ಅಂತರವೂ ಇದೇ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸುಜಾನ್ ಹ್ಯಾನ್ಸರ್ ಮೊದಲಾದವರು ಹೀಗೆ ಬಸುರಿಯರನ್ನು ಮುಂಚಿತವಾಗಿ ಕಂಡು, ಅವರ ಇಷ್ಟ ತಿಳಿದು, ಹೆರಿಗೆಯ ಒಂದೊಂದು ಹಂತಕ್ಕೆ ಬೇರೆ ಬೇರೆ ಸಂಗೀತ ಹೊಂದಿಸಿ ಅಭ್ಯಾಸ ಮಾಡಿಸಿದರು. ಶುರುವಿನ ಹಂತಕ್ಕೆ ನಿಧಾನದ ಹಾಡು ಸರಿ. ಮುಕ್ಕುವ ಹೊತ್ತಿಗೆ ಹುರುಪಿನದ್ದು ಬೇಕೆನ್ನುವವರೂ ಇದ್ದಾರೆ. ಹಲವು ಮಂಚಗಳ ವಾರ್ಡಿನಲ್ಲಿ ಇಯರ್‌ಫೋನ್ ಬೇಕೇ ಬೇಕು, ಒಂದೇ ಕಿವಿಗೆ. ಇನ್ನೊಂದು ಕಿವಿ ಡಾಕ್ಟರ್, ಸಿಸ್ಟರ್ ಹೇಳುವುದನ್ನು ಕೇಳಲು ತೆರೆದಿರಬೇಕು. ಹೊಟ್ಟೆಗೆ ಸ್ಪೀಕರ್ ಒತ್ತಿಡುವುದು ಬೇಡ, ಅದರಿಂದ ಮಗುವಿಗೆ ಪ್ರಯೋಜನವಿಲ್ಲ. ಆರನೇ ತಿಂಗಳು ಕಳೆಯುವ ಹೊತ್ತಿಗೆ ಮಗುವಿಗೆ ಸದ್ದು ಕೇಳಿಸತೊಡಗುತ್ತದೆ; ಒಳಗಿನಿಂದ ಅದಕ್ಕೆ ಚೆನ್ನಾಗಿ ಕೇಳುವ ಸಂಗೀತವೆಂದರೆ ತಾಯಿಯ ದನಿಯೇ. ಮತ್ತೆ, ಸಾಕು ಎಂದು ಅವಳು ಕೈ ಬೀಸಿದ ಕ್ಷಣ ಹಾಡು ನಿಲ್ಲಬೇಕು. ಹೆರಿಗೆ ಹತ್ತಿರವಾದಾಗ ಎಲ್ಲ ಸದ್ದೂ ರೇಗಿಸುವುದುಂಟು.

ಸಿಸೇರಿಯನ್ ಆದವರನ್ನು ಇಂಥ ಬರಹಗಳು ಮರೆತುಬಿಡುತ್ತವೆ. 2019–21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31ಕ್ಕೂ ಹೆಚ್ಚು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದಲೇ ಆಗಿದ್ದವು. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿರುವುದರಿಂದ ಅಲ್ಲಿ ನೋವಿರುವುದಿಲ್ಲ, ಎಚ್ಚರವಿರುತ್ತದೆ. ಹಸಿರು ಬಟ್ಟೆಯ ಆಚೆ ಏನಾಗುತ್ತಿದೆ ಎಂದು ತಿಳಿಯದೆ, ಉಪಕರಣಗಳ ಸದ್ದು ಮಾತ್ರ ಕೇಳುತ್ತ ಮಲಗಿರುವುದು ಎಂಥ ಆತಂಕ! ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ 304 ಮಂದಿ ತಾಯಂದಿರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ತಾವು ಆರಿಸಿದ ಬಗೆಯ ಸಂಗೀತ ಕೇಳಿದವರಿಗೆ ಆತಂಕ ಗಮನಾರ್ಹವಾಗಿ ಕಡಿಮೆಯಿತ್ತು. ನೋವಿನ ಲೆಕ್ಕವೇ ಇಲ್ಲದ ಕಡೆಯೂ ಹಾಡು ಸಹಾಯಕ್ಕೆ ಬಂತು ಎಂಬುದರಲ್ಲಿ ಅದರ ನಿಜವಾದ ನೆಲೆ ಯಾವುದೆಂದು ಕಾಣುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಲಾರೆ. ಬಾಗಿಲಿನ ಸಿದ್ಧಾಂತದ ಮೆಲ್ಜಾಕ್ ಮುಂದೆ ಹೆರಿಗೆ ನೋವನ್ನೇ ಅಳೆಯಲು ಹೊರಟರು. ಚೊಚ್ಚಲ ಹೆರಿಗೆಯ ನೋವು ಅವರು ಅಳೆದ ಅತಿ ತೀವ್ರ ನೋವುಗಳ ಸಾಲಿಗೆ ಬಂತು. ಉಸಿರಾಟ, ವಿಶ್ರಾಂತಿಗಳ ತರಬೇತಿ ಪಡೆದವರಲ್ಲಿ ನೋವು ತುಸು ಕಡಿಮೆ ಇತ್ತು, ಆದರೆ ಇತ್ತು. ನೋವಿಲ್ಲದ ಹೆರಿಗೆ ಎಂಬುದು ಹೆಚ್ಚಿನವರ ಪಾಲಿಗೆ ಮಿಥ್ಯೆ, ತರಬೇತಿ ಪಡೆದೂ ನೋವು ತಡೆಯಲಾಗದವಳು ತಾನು ಸೋತೆ ಎಂದುಕೊಳ್ಳಬಾರದು ಎಂದು ಅವರು 1984ರಲ್ಲಿ ಸ್ಪಷ್ಟವಾಗಿ ಬರೆದರು. ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬೇಕೆಂದವಳಿಗೆ, ಅದು ದೊರೆಯುವ ಕಡೆ, ಹಾಡು ಕೇಳಿಸಿಕೊಂಡು ಸುಮ್ಮನಿರು ಎನ್ನುವ ಹಕ್ಕು ಯಾರಿಗೂ ಇಲ್ಲ. ರಕ್ತಸ್ರಾವ, ಏರಿದ ರಕ್ತದೊತ್ತಡ, ಮಗುವಿನ ಕುಗ್ಗಿದ ಎದೆಬಡಿತ, ಇವುಗಳ ಮುಂದೆ ಸಂಗೀತದ ಮಾತೇ ಬಾರದು.

2018ರ ಕೊನೆಯಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಹೊಸ ಮಾರ್ಗಸೂಚಿ ತಂದಿತು. ನರ್ಸಿಂಗ್ ಓದಿದವರಿಗೆ 18 ತಿಂಗಳ ಹೆಚ್ಚಿನ ತರಬೇತಿ ಕೊಟ್ಟು, ಸಹಜ ಹೆರಿಗೆಗಳನ್ನು ಸ್ವತಂತ್ರವಾಗಿ ನೋಡಿಕೊಳ್ಳುವ ಹೊಸ ಕಾಲದ ಸೂಲಗಿತ್ತಿಯರನ್ನು ಸಿದ್ಧಪಡಿಸುವ ಯೋಜನೆ ಅದು. ಪಕ್ಕದಲ್ಲಿ ಕೂರುವುದೇ ಅವರ ಕೆಲಸದ ಮುಖ್ಯ ಭಾಗ. ದಿನ ತುಂಬುತ್ತಿರುವವಳು ತಪಾಸಣೆಗೆ ಬಂದಾಗ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆದುಕೊಳ್ಳುವ ತಾಯಿ ಕಾರ್ಡಿನಲ್ಲಿ ಇನ್ನೆರಡು ಸಾಲು ಸೇರಿಸಲು ಖರ್ಚೇನೂ ಇಲ್ಲ: ಹೆರಿಗೆಯ ಹೊತ್ತಿಗೆ ಜೊತೆಯಲ್ಲಿ ಯಾರು ಇರಬೇಕು, ನಿನಗೆ ಯಾವ ಹಾಡು ಇಷ್ಟ. ಎರಡನ್ನೂ ಅವಳನ್ನೇ ಕೇಳಿ ಬರೆಯಬೇಕು, ಜೊತೆಗೆ ಬಂದವರನ್ನಲ್ಲ.